ಹಲ್ಲುಪುಡಿ ನುಂಗಿದ ಇಪ್ಪತ್ತು ಸೆಕೆಂಡು

ನನ್ನ ಗುರುಗಳು ವಲೇರಿಯನ್ ಮೇಷ್ಟ್ರು. ಹರಿಹರದ ಹೊಳೆದಂಡೆಯಲ್ಲಿ ಪಾಳುಬಿದ್ದ ಪಂಪ್‌ಹೌಸ್ ಒಂದಿದೆಯಲ್ಲ, ಅದೇ ಅವರ ಆಶ್ರಮ. ಒಳಗೆ ಒಂದು ಚಾಪೆ, ಒಂದು ಗಿಟಾರು, ಒಂದು ನೀರಿನ ಕೊಡ. ಹೆಚ್ಚೇನೂ ಇರಲಿಲ್ಲ.

ನಾನು ಅವರ ಶಿಷ್ಯ ಕೊಟ್ರೇಶಿ. ಮೂಗಿನ ತುದಿಯಲ್ಲೇ ಸಿಟ್ಟು. ಈ ಕಥೆಯಲ್ಲಿ ಕೂಗಾಡೋನು ನಾನೇ ಅಂತ ಮೊದಲೇ ಹೇಳಿಬಿಡ್ತೀನಿ.

ಮೇಷ್ಟ್ರು ಮಂಗಳೂರು ಕಡೆಯವರು. ಹತ್ತೊಂಬತ್ತರ ವಯಸ್ಸಿಗೆ ಮಿಲ್ಲಿನ ಕೆಲಸಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟರು. ಅವರ ಗಿಟಾರು ಪಾಠದ ಕೊನೆಗೆ ಯಾವಾಗಲೂ ಒಂದೇ ಟ್ಯೂನು. ಬಡ್ ಟೋಲ್ಮನ್ ಅಂತ ಅಮೆರಿಕದವನೊಬ್ಬ, ರಾಕ್ ಅಂಡ್ ರೋಲ್ ಇನ್ನೂ ಕಣ್ಣು ಬಿಡ್ತಿದ್ದ ಕಾಲದಲ್ಲಿ ನುಡಿಸಿದ್ದು. ಎರಡೂಕಾಲು ನಿಮಿಷದ್ದು. ಅದು ಕೈಗೆ ಕೂತವನು ಪಾಸು.

ನಾನು ಸೇರಿದ ವರ್ಷವೇ ಮೇಷ್ಟ್ರ ಎಡಗೈ ಬೆರಳು ಸೆಟೆದುಕೊಳ್ಳೋಕೆ ಶುರುವಾಗಿತ್ತು. ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿಟ್ಟರೆ ಮಧ್ಯಾಹ್ನದವರೆಗೆ ಮಾತು ಕೇಳ್ತಿದ್ದವು.

"ಇವು ಪೂರ್ತಿ ಮುಷ್ಕರ ಹೂಡೋದರೊಳಗೆ ಟ್ಯೂನು ನಿನ್ನ ಕೈಗೆ ಕೂರಿಸಿಬಿಡ್ತೇನೆ ಮಾರಾಯ" ಅಂತಿದ್ದರು.

ಮೊದಲನೇ ವರ್ಷ ಕಲಿತೆ. ಬೆರಳಿಗೆ ಬಂತು, ಮೈಗೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ನನಗೆ ಬೇರೆ ಹುಚ್ಚು ಹಿಡೀತು.

ಸಿ.ಡಿ. ಹುಚ್ಚು.

ಟೋಲ್ಮನ್ನನ ಹಳೇ ರೆಕಾರ್ಡುಗಳನ್ನ ಹತ್ತಾರು ಕಂಪನಿಗಳು ಸಿ.ಡಿ. ಮಾಡಿ ಮತ್ತೆ ಬಿಟ್ಟಿದ್ದವು. ಅವೇ ಟ್ಯೂನುಗಳು, ಹೊದಿಕೆ ಮಾತ್ರ ಬೇರೆ ಬೇರೆ. ಅದರಲ್ಲಿ ಒಳ್ಳೇದು ಯಾವುದು ಅಂತ ಹುಡುಕ್ತಾ ಹುಡುಕ್ತಾ ನನ್ನ ಹತ್ತಿರ ಹನ್ನೊಂದು ಸೇರಿದವು. ಹನ್ನೊಂದರಲ್ಲೂ ಒಂದೊಂದು ಅನ್ಯಾಯ.

ಪ್ರತಿ ಭಾನುವಾರ ಬೆಳಿಗ್ಗೆ ಚೀಲದಲ್ಲಿ ಸಿ.ಡಿ. ತುಂಬಿಕೊಂಡು, ಬ್ಯಾಟರಿ ಹಾಕಿದ ಪ್ಲೇಯರ್ ಹಿಡಿದುಕೊಂಡು ಪಂಪ್‌ಹೌಸಿಗೆ ಹೋಗ್ತಿದ್ದೆ.

"ಮೇಷ್ಟ್ರೇ, ಇದನ್ನ ಕೇಳ್ರಿ. ಹಳೇ ಟೇಪಿನ ಗೊರಗೊರ ಸದ್ದು ತೆಗೆದುಹಾಕ್ತೀವಿ ಅಂತ ಹೋಗಿ ಗಿಟಾರಿನ ಕಂಠಾನೇ ಕೊಯ್ದುಬಿಟ್ಟಿದ್ದಾರೆ!"

ಹತ್ತು ಸೆಕೆಂಡು ಕೇಳಿಸಿ ನಿಲ್ಲಿಸ್ತಿದ್ದೆ. ಅಷ್ಟರಲ್ಲೇ ತಪ್ಪು ಗೊತ್ತಾಗ್ತದೆ, ಮುಂದೆ ಯಾಕೆ?

"ಇನ್ನು ಇದನ್ನ ಕೇಳ್ರಿ. ಒಂದೇ ಮೈಕಿನಲ್ಲಿ ಹಿಡಿದಿದ್ದನ್ನ ಹರಿದು ಎರಡು ಕಿವಿಗೆ ಹಂಚಿದ್ದಾರೆ. ನಾಚಿಕೆ ಮಾನ ಏನಾದರೂ ಇದೆಯಾ ಇವರಿಗೆ?"

"ಬಿಡು, ಓಡಲಿ ಅದು" ಅಂದರು ಮೇಷ್ಟ್ರು.

"ತಡೀರಿ, ಇದರದ್ದು ಇನ್ನೂ ಘೋರ. ಟೇಪನ್ನ ಜೋರಾಗಿ ಓಡಿಸಿ ಹಿಡಿದಿದ್ದಾರೆ. ಆ ಮನುಷ್ಯನ ಶ್ರುತಿಯೇ ಬದಲಾಗಿ ಹೋಗಿದೆ. ಸತ್ತವನಿಗೆ ಮಾಡೋ ಅಪಮಾನ ಅಲ್ವಾ ಇದು?"

"ನಿನಗೆ ಯಾರ ಪರವಾಗಿ ಇಷ್ಟು ಸಿಟ್ಟು?"

"ಟೋಲ್ಮನ್ ಪರವಾಗಿ! ಪಾಪ, ಅವನ ಪರವಾಗಿ ಕೇಳೋರು ಯಾರಿದ್ದಾರೆ?"

"ಓಹೋ" ಅಂದರು ಮೇಷ್ಟ್ರು. "ಗಿಟಾರು ತಂದಿದ್ದೀಯಾ?"

"ಎಲ್ಲಿ ತರಲಿ ಮೇಷ್ಟ್ರೇ, ಎರಡು ಕೈಯೂ ತುಂಬಿತ್ತಲ್ಲ."

ಹೀಗೇ ಎರಡು ವರ್ಷ ಕಳೀತು. ಮೇಷ್ಟ್ರ ಬೆರಳು ಈಗ ಬೆಳಿಗ್ಗೆ ಒಂದು ಗಂಟೆ ಹೊತ್ತು ಬಗ್ಗಿದರೆ ಹೆಚ್ಚು. ಆ ಒಂದು ಗಂಟೆ ಹೊತ್ತೂ ನಾನು ಕಂಪನಿಗಳನ್ನ ಬೈತಾ ಕೂತಿರ್ತಿದ್ದೆ.

ಆಮೇಲೆ ಹನ್ನೆರಡನೇ ಸಿ.ಡಿ. ಬಂತು. ಯಾವುದೋ ಸಣ್ಣ ಕಂಪನಿ, ಮೂಲ ಟೇಪಿನಿಂದಲೇ ಎತ್ತಿದ್ದು. ಆಹಾ! ಎದುರಿಗೆ ಕೂತು ನುಡಿಸಿದ ಹಾಗಿತ್ತು. ಹಾಳಾಗಿ ಹೋಗಲಿ, ಒಬ್ಬನಾದರೂ ಮನುಷ್ಯ ಇದ್ದಾನಲ್ಲ ಅನ್ನಿಸ್ತು.

ಇಂಟರ್‌ನೆಟ್ಟಿನಲ್ಲಿ ನಮ್ಮಂಥ ಹುಚ್ಚರದ್ದೇ ಒಂದು ಗುಂಪಿತ್ತು. ಹೆಮ್ಮೆ ತಡೆಯೋಕಾಗದೆ ಅಲ್ಲಿ ಬರೆದೆ. ಜೊತೆಗೆ ಆ ಟ್ಯೂನು ನಾನೇ ನುಡಿಸಿದ್ದನ್ನೂ ಹಾಕಿದೆ.

ಒಬ್ಬ ಮಹಾಶಯ ಕೇಳಿದ: "ಚೆನ್ನಾಗಿದೆ. ಆದರೆ ನಡುವಿನ ಆ ಇಪ್ಪತ್ತು ಸೆಕೆಂಡು ಯಾವ ಸಿ.ಡಿ.ಯಲ್ಲಿದೆ?"

"ಎಲ್ಲದರಲ್ಲೂ ಇದೆ. ಕಿವಿ ಇದ್ದವರಿಗೆ ಕೇಳ್ತದೆ" ಅಂತ ಬರೆದೆ.

ಬರೆದಾದ ಮೇಲೆ ಹನ್ನೆರಡನೇದನ್ನ ಹಾಕಿ, ಸೆಕೆಂಡು ಎಣಿಸ್ತಾ ಕೇಳಿದೆ.

ಇರಲಿಲ್ಲ.

ಅಲ್ಲಿ ಬೇರೆಯೇ ಏನೋ ಇತ್ತು. ಹನ್ನೊಂದನ್ನೂ ಹಾಕಿ ನೋಡಿದೆ. ಹನ್ನೊಂದರಲ್ಲೂ ಅದೇ ಇತ್ತು. ಮೇಷ್ಟ್ರು ಕಲಿಸಿದ್ದು ಒಂದರಲ್ಲೂ ಇರಲಿಲ್ಲ.

ಎರಡು ವರ್ಷ ಅದನ್ನ ಹೇಗೆ ಗಮನಿಸಲಿಲ್ಲ ಅಂತ ನೀವು ಕೇಳಬಹುದು. ಗೊರಗೊರ ಸದ್ದಿಗೆ ಕಿವಿ ಕೊಟ್ಟವನಿಗೆ ಟ್ಯೂನು ಹೇಗೆ ಕೇಳ್ತದೆ ಸ್ವಾಮಿ? ಅದು ಗೊತ್ತಿರೋದೇ ಅಂದುಕೊಂಡಿದ್ದೆ.

ಮೈಯೆಲ್ಲ ಉರಿದುಹೋಯ್ತು. ಭಾನುವಾರ ಪಂಪ್‌ಹೌಸಿಗೆ ಹೋದವನು ಚಪ್ಪಲಿ ಬಿಡೋದನ್ನೂ ಮರೆತೆ.

"ಮೇಷ್ಟ್ರೇ, ನೀವು ನಮಗೆ ತಪ್ಪು ಕಲಿಸಿದ್ದೀರಿ."

"ಯಾವುದನ್ನ?"

"ನಡುವಿನ ತುಂಡು. ಟೋಲ್ಮನ್ ಅದನ್ನ ನುಡಿಸಿಯೇ ಇಲ್ಲ! ನಲವತ್ತು ಐವತ್ತು ಜನರಿಗೆ ಟೋಲ್ಮನ್ನನ ಹೆಸರಲ್ಲಿ ಸುಳ್ಳು ಕಲಿಸಿದ್ದೀರಿ. ಕಂಪನಿಯವರು ಸದ್ದು ಕೆಡಿಸಿದರು, ನೀವು ಟ್ಯೂನನ್ನೇ ಕೆಡಿಸಿದಿರಿ. ನಾಲ್ಕು ಜನರ ಮುಂದೆ ನನ್ನ ಮಾನ ಹೋಯ್ತು. ನನಗೆ ಉತ್ತರ ಬೇಕು. ಇಲ್ಲದಿದ್ದರೆ ಇವತ್ತೇ ಕೊನೆ, ಇನ್ನು ಈ ಕಡೆ ತಲೆ ಹಾಕಲ್ಲ."

ಮೇಷ್ಟ್ರು ಬಿಸಿನೀರಿನ ಪಾತ್ರೆಯಿಂದ ಕೈ ತೆಗೆದು, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಅರವತ್ತೊಂದನೇ ಇಸವಿ. ಮಿಲ್ಲಿನ ಕ್ಯಾಂಟೀನಿನಲ್ಲಿ ಒಂದು ರೇಡಿಯೋ ಇತ್ತು. ಭಾನುವಾರ ಬೆಳಿಗ್ಗೆ ಕಡಲಾಚೆಯ ಒಂದು ಸ್ಟೇಷನ್ ಹಿಡೀತಿತ್ತು. ಕಾರ್ಯಕ್ರಮದ ಕೊನೆಗೆ ಪ್ರತಿ ವಾರ ಇದೇ ಟ್ಯೂನು. ಶುರುವಾಗ್ತದೆ, ಚಂದ ಹೋಗ್ತದೆ, ಇನ್ನೇನು ನಡುವಿಗೆ ಬಂತು ಅನ್ನುವಾಗ ಆ ದರಿದ್ರ ಅನೌನ್ಸರ್ ಬಾಯಿ ಹಾಕ್ತಾನೆ."

"ಏನಂತ?"

"ಹಲ್ಲುಪುಡಿ."

"ಏನು?"

"ಹಲ್ಲುಪುಡಿ ಮಾರಾಯ! ಹಲ್ಲು ಫಳಫಳ, ವಸಡು ಗಟ್ಟಿ, ಬಾಯಿ ಘಮಘಮ. ಇಪ್ಪತ್ತು ಸೆಕೆಂಡು. ಅವನು ಬಾಯಿ ಮುಚ್ಚೋದರೊಳಗೆ ಟೋಲ್ಮನ್ ನಡುವಿನ ತುಂಡು ಮುಗಿಸಿ ಈಚೆ ಬಂದಿರ್ತಿದ್ದ. ಎಂಟು ತಿಂಗಳು ರೇಡಿಯೋಗೆ ಕಿವಿ ಹಚ್ಚಿ ಕೂತೆ. ಒಂದೇ ಒಂದು ವಾರ ಅವನ ಗಂಟಲು ಕಟ್ಟಲಿ ಅಂತ ಮಾತೆ ಮರಿಯಮ್ಮನಿಗೆ ಮೊಂಬತ್ತಿ ಹಚ್ಚಿದೆ. ಕಟ್ಟಲಿಲ್ಲ. ಕಾರ್ಯಕ್ರಮವೇ ನಿಂತುಹೋಯ್ತು."

ಐವತ್ತು ವರ್ಷದ ಹಿಂದಿನ ಅನೌನ್ಸರ್ ಮೇಲೆ ಮೇಷ್ಟ್ರಿಗೆ ಇನ್ನೂ ಸಿಟ್ಟಿತ್ತು. ಮುಖ ಕೆಂಪಗಾಗಿತ್ತು.

"ರೆಕಾರ್ಡು ತರಿಸಬಹುದಿತ್ತಲ್ಲ?"

"ಆಗ ಹರಿಹರಕ್ಕೆ ಅದನ್ನೆಲ್ಲ ಯಾರು ತಂದುಕೊಡ್ತಾರೆ? ತೂತು ಬಿದ್ದ ಕಡೆ ನಂದೇ ಒಂದು ತೇಪೆ ಹಾಕಿದೆ."

"ಹಾಗಂತ ನಮಗೆ ಹೇಳಬೇಕಿತ್ತು!"

"ಹೇಳಬೇಕಿತ್ತು" ಅಂದರು ಮೇಷ್ಟ್ರು. "ಮೊದಮೊದಲು ಹೇಳ್ತಿದ್ದೆ. ಆಮೇಲೆ ಜನ ಟೋಲ್ಮನ್ ಮೇಷ್ಟ್ರು ಅಂತ ಕರೆಯೋಕೆ ಶುರು ಮಾಡಿದರು. ಹೇಳೋಕೆ ನಾಚಿಕೆಯಾಯ್ತು. ಅದು ನನ್ನ ತಪ್ಪೇ."

ನನ್ನ ಸಿಟ್ಟಿಗೆ ಇದಕ್ಕಿಂತ ಒಳ್ಳೇ ಉತ್ತರ ಸಿಗೋದಿಲ್ಲ ಅಂತ ನನಗೇ ಗೊತ್ತಿತ್ತು. ಆದರೂ ಮುಖ ಗಂಟಿಕ್ಕಿಕೊಂಡೇ ನಿಂತಿದ್ದೆ.

ಮೇಷ್ಟ್ರು ಸ್ವಲ್ಪ ಮುಂದೆ ಬಾಗಿದರು.

"ಈಗ ಹೇಳು. ಅಲ್ಲಿ ಅವನು ಏನು ನುಡಿಸಿದ್ದಾನೆ?"

"ಅದು ಯಾವ ಸಿ.ಡಿ. ಅನ್ನೋದರ ಮೇಲೆ ಹೋಗ್ತದೆ ಮೇಷ್ಟ್ರೇ. ಮೂರನೇದರಲ್ಲಿ ಆ ಭಾಗ ತೀರಾ ಮಂಕು. ಏಳನೇದರಲ್ಲಿ ಗುಂಯ್ ಅಂತ ಪ್ರತಿಧ್ವನಿ ತುರುಕಿದ್ದಾರೆ. ಹನ್ನೆರಡನೇದರಲ್ಲಿ ಮಾತ್ರ..."

"ಏಯ್!"

ಮೇಷ್ಟ್ರು ಹಾಗೆ ಕೂಗಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

"ಆ ಅನೌನ್ಸರ್ ಎಂಟು ತಿಂಗಳು ನನ್ನ ಮುಂದೆ ಹಲ್ಲುಪುಡಿ ಮಾರಿದ. ನೀನು ಎರಡು ವರ್ಷ! ಆ ಟ್ಯೂನನ್ನ ಚೀಲದಲ್ಲಿಟ್ಟುಕೊಂಡು ಪ್ರತಿ ಭಾನುವಾರ ಇಲ್ಲೇ, ಈ ಚಾಪೆ ಮೇಲೆ ಕೂತಿದ್ದೀಯಾ. ಹತ್ತು ಸೆಕೆಂಡು ಹಾಕ್ತೀಯಾ, ಬಾಯಿ ಹಾಕ್ತೀಯಾ. ಹತ್ತು ಸೆಕೆಂಡು ಹಾಕ್ತೀಯಾ, ಬಾಯಿ ಹಾಕ್ತೀಯಾ. ಓಡಲಿ ಅಂದೆ. ಎಷ್ಟು ಸಲ ಅಂದೆ?"

ಮೇಷ್ಟ್ರು ಆ ನಡುವಿನ ತುಂಡನ್ನ ಇವತ್ತಿನವರೆಗೂ ಕೇಳಿಲ್ಲ ಅನ್ನೋದು ಆಗ ತಲೆಗೆ ಹೋಯ್ತು.

"ಬಿಡಿಸಿ ಹೇಳಬಹುದಿತ್ತಲ್ಲ ಮೇಷ್ಟ್ರೇ..."

"ಹೇಳಿದ್ದರೆ ನಾನು ಕೇಳಿಲ್ಲ ಅನ್ನೋದು ನಿನಗೆ ಗೊತ್ತಾಗ್ತಿತ್ತು. ಅದಕ್ಕೂ ನಾಚಿಕೆ. ನೀನಾದರೂ ಒಂದು ಸಲ ಸುಮ್ಮನೆ ಓಡೋಕೆ ಬಿಡ್ತೀಯೇನೋ ಅಂತ ಕಾದೆ."

ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಚೀಲ ತಡಕಾಡಿದೆ. ಹನ್ನೆರಡನೇದನ್ನ ಹುಡುಕಿ, ಅಂಗಿಯ ತುದಿಯಿಂದ ಒರೆಸೋಕೆ ಹೋದೆ. ಅಷ್ಟರಲ್ಲಿ ಮೇಷ್ಟ್ರು ಕೈಗೆ ಸಿಕ್ಕ ಒಂದನ್ನ ಎತ್ತಿಕೊಂಡು ಪ್ಲೇಯರಿಗೆ ಹಾಕಿಬಿಟ್ಟಿದ್ದರು.

"ಅದು ಬೇಡ ಮೇಷ್ಟ್ರೇ, ಅದರಲ್ಲಿ ಸ್ಪೀಡು..."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ.

ಟ್ಯೂನು ಶುರುವಾಯ್ತು. ಹತ್ತು ಸೆಕೆಂಡಾಯ್ತು. ನನ್ನ ಕೈ ತಾನಾಗೇ ಗುಂಡಿಯ ಕಡೆ ಹೋಯ್ತು. ಅದನ್ನ ಎಳೆದು ತೊಡೆ ಕೆಳಗೆ ಇಟ್ಟುಕೊಂಡೆ.

ನಡುವಿನ ತುಂಡು ಬಂತು. ಟೋಲ್ಮನ್ ಒಂದು ತಂತಿಯನ್ನ ಎಳೆದು ಹಿಡಿದು, ಪಕ್ಕದ್ದನ್ನ ಮೀಟಿ ಬಿಡ್ತಾನೆ. ಎರಡೂ ಸ್ವರ ಜಗಳಾಡ್ತಾ ಮೇಲೆ ಹತ್ತಿ, ಒಂದು ಕಡೆ ಸುಮ್ಮನೆ ನಿಂತುಬಿಡ್ತವೆ. ಆಮೇಲೆ ದಡಬಡ ಇಳಿದು ಬರ್ತವೆ.

ಮೇಷ್ಟ್ರು ಬಾಯಿ ತೆರೆದುಕೊಂಡೇ ಕೂತಿದ್ದರು. ಕಣ್ಣಲ್ಲಿ ನೀರು.

"ಅಯ್ಯೋ ಕಳ್ಳ!" ಅಂದರು ಟೋಲ್ಮನ್ನನಿಗೆ. "ಅಲ್ಲಿ ನಿಂತುಬಿಟ್ಟಿದ್ದೀಯಲ್ಲೋ! ನಾನು ಅಲ್ಲೆಲ್ಲ ಸ್ವರ ತುಂಬಿ ತುಂಬಿ ಇಟ್ಟೆ."

ಮತ್ತೆ ಹಾಕಿದರು. ಏಳು ಸಲ ಹಾಕಿದರು. ಏಳು ಸಲವೂ ಕೊನೆಯವರೆಗೆ ಕೇಳಿದರು. ನಾನು ತುಟಿ ಬಿಚ್ಚಲಿಲ್ಲ.

ಆಮೇಲೆ ಅವರು ಎದ್ದು ಗೋಡೆಗೆ ಒರಗಿಸಿದ್ದ ಗಿಟಾರು ತಂದರು. ತಮ್ಮ ಜಾಗದಲ್ಲಿ ಕೂರಲಿಲ್ಲ. ಚಾಪೆಯ ಈಚೆ ತುದಿಗೆ, ಶಿಷ್ಯರು ಕೂರೋ ಕಡೆ ಬಂದು, ಕಾಲು ಮಡಚಿಕೊಂಡು ಕೂತರು.

"ಹೇಳಿಕೊಡು" ಅಂದರು.

ಆ ಟ್ಯೂನಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿತ್ತು? ಯಾವ ತಿಂಗಳಲ್ಲಿ ನುಡಿಸಿದ, ಯಾವ ಟೇಪು, ಯಾವ ಕಂಪನಿ ಎಲ್ಲೆಲ್ಲಿ ಕೆಡಿಸಿತು, ಎಲ್ಲಾ ನಾಲಿಗೆ ತುದಿಯಲ್ಲಿತ್ತು. ಬೆರಳಿನ ತುದಿಯಲ್ಲಿ ಏನೂ ಇರಲಿಲ್ಲ.

"ಮೇಷ್ಟ್ರೇ, ಅದು ನನಗೆ ನುಡಿಸೋಕೆ ಬರಲ್ಲ."

ಮೇಷ್ಟ್ರ ಮುಖದಲ್ಲಿ ಸಿಟ್ಟು ಏರಿದ್ದು ಕಾಣಿಸ್ತು. ನಾನು ಹೊತ್ತು ತಂದಿದ್ದ ಸಿಟ್ಟು ಅದರ ಮುಂದೆ ಏನೇನೂ ಅಲ್ಲ. ಅವರು ಬೈಯಲಿಲ್ಲ. ಗಿಟಾರನ್ನ ನನ್ನ ತೊಡೆ ಮೇಲಿಟ್ಟರು. ಪ್ಲೇಯರನ್ನ ನನ್ನ ಕಡೆ ತಳ್ಳಿದರು. ಶಿಷ್ಯರ ಜಾಗ ಬಿಟ್ಟು ಏಳಲಿಲ್ಲ.

"ಬೇಗ ಕಲಿ ಕೊಟ್ರೇಶಿ. ನನಗೆ ಕಲಿಸೋದಿದೆ ನೀನು."