ಹೂವಿಗೆ ಮುಂಚೆ

ಕೊಡಗಿನ ಸುಬೇದಾರ್ ಚೆಂಗಪ್ಪನವರ ಮನೆಗೆ ಕೈಲ್ ಮುಹೂರ್ತದ ಹಿಂದಿನ ದಿನ ಹೊಸ ರೈಫಲ್ ಬಂತು. ಆ ಹಬ್ಬದಲ್ಲಿ ಕೋವಿಗಳಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಸುಬೇದಾರರು ಚಾಪೆ ಹಾಸಿ, ರೈಫಲ್ಲನ್ನು ಬಿಚ್ಚಲು ಕೂತರು.

"ಮುಟ್ಟಬೇಡಿ!" ಎಂದಿತು ರೈಫಲ್. "ನಾನು ಇನ್ನೂ ಒಂದು ಗುಂಡೂ ಹಾರಿಸಿಲ್ಲ. ನನ್ನಲ್ಲಿ ಕೊಳೆ ಎಲ್ಲಿಂದ ಬರಬೇಕು? ನೇರವಾಗಿ ಹೂವಿಡಿ."

ಗೋಡೆಗೆ ಒರಗಿದ್ದ ಹಳೇ ಕೋವಿ ನಕ್ಕಿತು. "ಓಹೋ, ಮದುಮಗ! ಬಿಚ್ಚಿದರೆ ಮಾನ ಹೋಗುತ್ತದೋ?"

"ಮಾನದ ಮಾತಲ್ಲ, ಅಜ್ಜ. ಬಿಡಿಬಿಡಿಯಾಗಿ ಬಿದ್ದರೆ ನಾನು ರೈಫಲ್ಲೇ ಅಲ್ಲ, ಬರೀ ಕಬ್ಬಿಣದ ಚೂರು. ಮತ್ತೆ ಒಂದಾಗದೇ ಹೋದರೆ?"

"ನನ್ನನ್ನು ವರ್ಷವರ್ಷವೂ ಬಿಚ್ಚಿದ್ದಾರೆ. ನಾನೇನು ಒಲೆ ಊದುವ ಕೊಳವೆಯಾದೆನೇ? ಸುಮ್ಮನೆ ಮಲಗು."

ರೈಫಲ್ ಉಸಿರು ಬಿಗಿಹಿಡಿದು ಮಲಗಿತು. ಬೋಲ್ಟ್ ಹೊರಬಂತು, ಸ್ಪ್ರಿಂಗ್ ಹೊರಬಂತು. ನಳಿಗೆಯೊಳಗೆ ತೂರಿದ ಬಿಳಿ ಬಟ್ಟೆ ಆಚೆ ಬಂದಾಗ ಅದರ ತುಂಬ ಕಂದು ಗ್ರೀಸು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ತುಂಬಿ ಕಳಿಸಿದ್ದ ಗ್ರೀಸು ಅದು.

"ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಗುಂಡು ಹಾರಿಸಿದ್ದರೆ ನಿನ್ನ ನಳಿಗೆಯೇ ಸೀಳುತ್ತಿತ್ತು" ಎಂದಿತು ಹಳೇ ಕೋವಿ.

ಸುಬೇದಾರರು ಒಂದೊಂದು ಭಾಗವನ್ನೂ ಒರೆಸಿ ಜೋಡಿಸಿದರು. ಬೋಲ್ಟ್ ಖಟ್ಟೆಂದು ಕೂತಿತು.

ಮರುದಿನ ಪೂಜೆ ಮುಗಿದ ಮೇಲೆ ಮೈದಾನದಲ್ಲಿ ಮೊದಲ ಗುಂಡಿಗೇ ತೆಂಗಿನಕಾಯಿ ಸಿಡಿದು ಚೂರಾಯಿತು. ಊರಿಗೆ ಊರೇ ಕೂಗಿತು. ಸುಬೇದಾರರ ಹೆಂಡತಿ ದೇಚಮ್ಮ ಗೆದ್ದ ರೈಫಲ್ಲಿಗೆ ಮುಡಿಸಲು ಮತ್ತೆ ಹೂ ಹಿಡಿದು ಓಡಿ ಬಂದರು.

"ತಡೆಯಿರಿ!" ಎಂದಿತು ರೈಫಲ್, ಎಲ್ಲರಿಗೂ ಕೇಳುವಂತೆ. "ಈಗ ಗುಂಡು ಹಾರಿಸಿದ್ದೇನೆ. ಮೊದಲು ನನ್ನನ್ನು ಬಿಚ್ಚಿ. ಹೂ ಆಮೇಲೆ."