ದೇವಿಯ ಕಣ್ಣಿಗೆ ಬಿಸಿಯರಿವೆ

ಪೂಜ್ಯ ಗುರಸಿದ್ಧವ್ವನವರು ಹೊಳೆದಂಡೆಯ ಮಠದ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತು ಭಕ್ತರಿಗೆಂದು ನುಚ್ಚು ಕುದಿಸುತ್ತಿದ್ದರು. ಬಾಗಿಲಲ್ಲಿ ಶಿಲ್ಪಿ ಕಾಳಪ್ಪ ಬಡಿಗೇರ ಬಂದು ನಿಂತ. ಮಠವೆಂದರೆ ಮೂಗು ಮುರಿಯುತ್ತಿದ್ದವನು ಅಂದು ಟವೆಲ್ಲನ್ನು ಹೊಸ ಮದುಮಗಳ ಸೆರಗಿನಂತೆ ಮುಖದ ಮೇಲೆ ಎಳೆದುಕೊಂಡಿದ್ದ. ಬಲಗಣ್ಣಿನ ರೆಪ್ಪೆಯಲ್ಲಿ ಕಡಲೆಕಾಳಿನಷ್ಟು ಗಂಟು. ನೋವಿಲ್ಲ, ಆದರೆ ಎರಡು ತಿಂಗಳಾದರೂ ಹೋಗಿರಲಿಲ್ಲ, ನೋಟ ಮಸುಕಾಗುತ್ತಿತ್ತು.

ಹುಣ್ಣಿಮೆಗೆ ಊರದೇವಿಯ ಹೊಸ ಮೂರ್ತಿಯ ಕಣ್ಣು ತೆರೆಯಬೇಕು. ಕೆತ್ತಿದವನೇ ಚಿನ್ನದ ಉಳಿಯಿಂದ ಕಡೆಯ ಗೆರೆ ಎಳೆದು ದೃಷ್ಟಿ ಕೊಡುವುದು ಪದ್ಧತಿ.

"ತನ್ನ ಕಣ್ಣ ಮುಚ್ಚೇತಿ, ದೇವಿ ಕಣ್ಣ ತೆಗಿತಾನಂತ!" ಎಂದು ಕಟ್ಟೆಯ ಮೇಲೆ ಕುಳಿತವರು ನಗುತ್ತಿದ್ದರು. ಬೇರೆ ಶಿಲ್ಪಿಯನ್ನು ಕರೆಸುವ ಮಾತೂ ಎದ್ದಿತ್ತು.

"ಯವ್ವಾ, ನಿಮ್ಮ ಭಸ್ಮ ಹಚ್ರಿ. ಇಲ್ಲಾಂದ್ರ ನಾನ ಸಣ್ಣ ಉಳಿಯಿಂದ ಈ ಗಂಟ ಎಬ್ಬಿಸಿಬಿಡ್ತೀನಿ. ಹೆಚ್ಚಾದದ್ದು ಕೆತ್ತೂದು ನನ್ನ ಕಸಬು."

"ಭಸ್ಮ ಹಣಿಗಿ ತಮ್ಮಾ, ಕಣ್ಣಿಗಲ್ಲ. ಇದು ಕಲ್ಲೂ ಅಲ್ಲ. ಮೊದಲ ಕರಗಸೂದು ಕಲಿ."

ಅವ್ವನವರು ಶುದ್ಧ ಅರಿವೆಯನ್ನು ಬಿಸಿನೀರಿಗದ್ದಿ ಹಿಂಡಿ, ತಮ್ಮ ಕೆನ್ನೆಗೊತ್ತಿ ಹದ ನೋಡಿ, ಅವನ ಮುಚ್ಚಿದ ಕಣ್ಣ ಮೇಲಿಟ್ಟರು. ಹತ್ತು ನಿಮಿಷ. ನುಚ್ಚು ತಳ ಹಿಡಿಯಿತು, ಹೊರಗೆ ಭಕ್ತರು ಗೊಣಗಿದರು, ಅವ್ವನವರು ಏಳಲಿಲ್ಲ. ದಿನಕ್ಕೆ ನಾಲ್ಕು ಸಲ ಹೀಗೇ ಮಾಡಬೇಕು, ಹಿಸುಕಕೂಡದು ಎಂದು ಅಪ್ಪಣೆಯಾಯಿತು.

ಹುಣ್ಣಿಮೆ ಸಮೀಪಿಸಿತು. ಗಂಟು ಮೆತ್ತಗಾಗಿತ್ತು, ಹೋಗಿರಲಿಲ್ಲ.

"ಇನ್ನ ಕಣ್ಣಿನ ಡಾಕ್ಟರ್ ಕಡೆ ಹೋಗು," ಎಂದರು ಅವ್ವನವರು.

ಕಾಳಪ್ಪ ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡ. "ಅವರು ಕೊಯ್ತಾರ್ರಿ ಯವ್ವಾ!"

"ಮೂವತ್ತು ವರ್ಷ ಉಳಿ ಹಿಡದಿ. ಒಮ್ಮಿ ಅದರ ಕೆಳಗ ಕುಂತು ನೋಡು."

ಹಿರಿಯರು ಮುಹೂರ್ತ ತಪ್ಪುತ್ತದೆಂದರು. ಅವ್ವನವರು ನಕ್ಕರು. "ಇಷ್ಟು ದಿನ ಕಣ್ಣು ಮುಚ್ಚಿ ಕುಂತ ದೇವಿ ಇನ್ನೊಂದು ಹುಣ್ಣಿವಿ ಕೂಡೂದಿಲ್ಲೇನು?" ಹಿರಿಯರು ಮುಹೂರ್ತವನ್ನು ಮುಂದಿನ ಹುಣ್ಣಿಮೆಗೆ ಹಾಕಿದರು.

ಗಂಟಿಗೇ ಸೂಜಿಮದ್ದು ಕೊಟ್ಟು ನೋಡಬಹುದು, ಇಲ್ಲವೇ ತೆಗೆದುಬಿಡಬಹುದು ಎಂದರು ಡಾಕ್ಟರಮ್ಮ. ತೆಗೆಯುವುದೆಂದಾಯಿತು. ರೆಪ್ಪೆ ಮರಗಟ್ಟಿಸಿ, ಮಡಚಿ, ಒಳಮಗ್ಗುಲಿನಿಂದಲೇ ಚಿಕ್ಕದಾಗಿ ಕೊಯ್ದರು. ಅಲಗು ಹತ್ತಿರ ಬಂದಾಗ ತಲೆ ಹಿಂದೆಳೆದವನಿಗೆ ಅವರು ಹೇಳಿದ್ದು ಒಂದೇ: "ನೋವಾಗೂದಿಲ್ಲಪ್ಪಾ."

ಮುಂದಿನ ಹುಣ್ಣಿಮೆ. ಕಾಳಪ್ಪನ ಕಣ್ಣು ತಿಳಿಯಾಗಿತ್ತು, ಕೈಯಲ್ಲಿ ಚಿನ್ನದ ಉಳಿಯಿತ್ತು. ಮಂಟಪ ಕಿಕ್ಕಿರಿದಿತ್ತು. ಆತ ಉಳಿ ಕೆಳಗಿಟ್ಟು ಬಿಸಿನೀರು ಕೇಳಿದ. ಅರಿವೆಯನ್ನು ಅದ್ದಿ ಹಿಂಡಿ, ತನ್ನ ಕೆನ್ನೆಗೊತ್ತಿ ಹದ ನೋಡಿ, ದೇವಿಯ ಕಲ್ಲುರೆಪ್ಪೆಗಳ ಮೇಲಿಟ್ಟು ಕುಳಿತ. ಹತ್ತು ನಿಮಿಷ.

"ನೋವಾಗೂದಿಲ್ಲವ್ವಾ," ಎಂದ ಕಾಳಪ್ಪ. ಆಮೇಲೆ ಉಳಿ ಎತ್ತಿಕೊಂಡ.