ನೀರಲ್ಲಿ ನಾವೇಕೆ ಕರಗುವುದಿಲ್ಲ

ಭೂಮಿಯ ಬಿಸಿ ಇನ್ನೂ ಆರಿರದ ಕಾಲ. ಮೀನಿಲ್ಲ, ಮರವಿಲ್ಲ, ಎತ್ತ ನೋಡಿದರೂ ಕಡಲಜ್ಜಿಯೊಬ್ಬಳೇ.

ಅವಳ ಮಡಿಲಲ್ಲಿ ಕಿಣ್ವಿ ಇದ್ದಳು. ಕಣ್ಣಿಗೆ ಕಾಣದಷ್ಟು ಪುಟ್ಟವಳು, ಆದರೆ ಕೈ ಮಾತ್ರ ಬಲು ಚುರುಕು. ಇದನ್ನು ಅದಕ್ಕೆ ಜೋಡಿಸುವಳು, ಅದನ್ನು ಇದರಿಂದ ಬಿಡಿಸುವಳು. ಎಷ್ಟು ದುಡಿದರೂ ಸವೆಯದವಳು.

ಕಿಣ್ವಿಗೊಬ್ಬಳು ತಂಗಿ, ಎಳೆಯವ್ವ. ನೂಲಿನಂಥ ಮೈ. ಯಾವ ಕೆಲಸ ಹೇಗೆ ಎಂದು ಅಕ್ಕನಿಗೆ ನೆನಪಿಸುವವಳು ಅವಳೇ. ಅಲೆ ಬಂದಾಗಲೆಲ್ಲ ಆ ಮೈಯಿಂದ ಒಂದು ಚೂರು ಕಳಚಿ ಹೋಗುತ್ತಿತ್ತು.

“ಅಜ್ಜೀ, ನನ್ನ ತಂಗಿಯನ್ನು ಬಿಡು!” ಎಂದು ಕಿಣ್ವಿ ಅತ್ತಳು.

“ಬೇಕೂಂತ ಮಾಡ್ತೀನೇನೇ ಕೂಸೇ? ಮುಟ್ಟಿದ್ದನ್ನ ಕರಗಿಸೋದು ನನ್ನ ಹುಟ್ಟುಗುಣ. ನಾನು ಕರಗಿಸಲಾರದ ಗೋಡೆ ಕಟ್ಟಿಕೋ.”

ಕಿಣ್ವಿ ಜೇಡಿಮಣ್ಣಿನ ಗೋಡೆ ಕಟ್ಟಿದಳು. ಅಲೆ ಬಂತು, ಗೋಡೆ ಹೋಯಿತು. ಕಡಲಡಿಯ ಬೆಂಕಿಬೆಟ್ಟ ಉಗುಳಿದ ಬೂದಿಯ ಗೋಡೆ ಕಟ್ಟಿದಳು. ಅಲೆ ಬಂತು, ಗೋಡೆ ಹೋಯಿತು. ಕೊನೆಗೆ ನೀರ ಮೇಲೆ ತೇಲುತ್ತಿದ್ದ ಜಿಡ್ಡನ್ನು ಕರೆದಳು.

“ನೀರಿನ ಮುಖ ನೋಡೋದೇ ಇಲ್ಲ ನಾನು!” ಎಂದು ಜಿಡ್ಡು ಉಂಡೆಯಾಗಿ ತೇಲಿಹೋಯಿತು.

ಎಳೆಯವ್ವನ ದನಿ ಉಡುಗಿಹೋಗಿತ್ತು. ಆದರೂ ಪಿಸುಗುಟ್ಟಿದಳು: “ಅಕ್ಕಾ, ಜಿಡ್ಡಿಗೆ ನೀರು ಬೇಡ. ನೀರು ಬೇಕು ಅನ್ನೋ ತಲೆಯೊಂದನ್ನ ಅದಕ್ಕೆ ಅಂಟಿಸಬಾರದಾ?”

ಕಿಣ್ವಿ ಓಡಿದಳು. ಜಿಡ್ಡನ್ನು ಹಿಡಿದು ತಂದು ಎರಡು ಉದ್ದನೆಯ ಬಾಲ ಮಾಡಿದಳು. ನೀರನ್ನು ಪ್ರೀತಿಸುವ ಒಂದು ತಲೆಗೆ ಅವನ್ನು ಜೋಡಿಸಿದಳು. ಆಮೇಲೆ ಇನ್ನೊಂದು, ಮತ್ತೊಂದು. ಮಾಡುತ್ತಲೇ ಹೋದಳು.

ಆಗ ನೋಡಬೇಕಿತ್ತು ಆ ಸೊಗಸು! ತಲೆಗಳೆಲ್ಲ ನೀರಿನತ್ತ ತಿರುಗಿದವು. ಬಾಲಗಳೆಲ್ಲ ನೀರಿಗೆ ಬೆದರಿ ಒಂದರ ಮರೆಯಲ್ಲೊಂದು ಅಡಗಿದವು. ಸಾಲಾಗಿ ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಬಾಲಕ್ಕೆ ಬಾಲ ಕೊಟ್ಟು ಎರಡು ಸಾಲಾದವು, ಅಕ್ಕತಂಗಿಯರ ಸುತ್ತ ತಾವಾಗಿಯೇ ದುಂಡಗೆ ಮುಚ್ಚಿಕೊಂಡವು.

ಅಲೆ ಬಂತು. ಗೋಡೆ ಬಳುಕಿತು, ನಡುಗಿತು, ನಿಂತಿತು.

ಕಡಲಜ್ಜಿ ಮೆಲ್ಲಗೆ ತಡವಿ ನೋಡಿದಳು. “ಭಲೇ ಹುಡುಗಿಯರೇ! ನನ್ನ ಮಡಿಲಲ್ಲೇ ಇದ್ದು, ನನಗೇ ಕರಗದ ಮನೆ!”

ಒಳಗೆ ಎಳೆಯವ್ವ ಮೈತುಂಬಿಕೊಂಡಳು. ಮನೆ ಬೆಳೆದು ಎರಡಾಯಿತು, ಎರಡು ನಾಲ್ಕಾಯಿತು. ಪಾಚಿಯಾಯಿತು, ಮೀನಾಯಿತು, ಕಪ್ಪೆಯಾಯಿತು. ಬರುಬರುತ್ತಾ ನೀನೂ ಆದೆ; ನಿನ್ನ ಮೈತುಂಬ ಇರುವುದು ಅಂಥವೇ ಪುಟ್ಟ ಮನೆಗಳು.

ಅದಕ್ಕೇ ಮಗೂ, ಕೆರೆಯಲ್ಲಿ ಎಷ್ಟು ಹೊತ್ತು ಈಜಾಡಿದರೂ ನಿನ್ನ ಬೆರಳತುದಿ ಸುಕ್ಕಾಗುತ್ತದೆಯೇ ಹೊರತು, ಬೆಲ್ಲದ ಹಾಗೆ ನೀನು ಕರಗಿಹೋಗುವುದಿಲ್ಲ.